ಬಣ್ಣದ ಚೀಟಿಯಿಂದ ಆ್ಯಪ್‌ವರೆಗೆ: ಮುಂಬೈ ಬಡವರ ಲೆಕ್ಕ ಯಾರ ಕೈಯಲ್ಲಿದೆ?

ಸೇವಾ ಸಂಸ್ಥೆಗಳ ಮಾಹಿತಿ ತಂತ್ರಜ್ಞಾನ ಎಂದ ಕೂಡಲೇ ಎಲ್ಲರೂ ಕಂಪ್ಯೂಟರಿನಿಂದ ಶುರುಮಾಡುತ್ತಾರೆ. ಮುಂಬೈ ಮಟ್ಟಿಗೆ ಈ ಕಥೆ ಬೈಕುಲಾದ ಫುಟ್‌ಪಾತಿನಿಂದ ಶುರುವಾಗಬೇಕು. 1985ರ ಜುಲೈನಲ್ಲಿ, ಫುಟ್‌ಪಾತ್ ವಾಸಿಗಳನ್ನು ಎಬ್ಬಿಸುವುದನ್ನು ಪ್ರಶ್ನಿಸಿದ್ದ ಓಲ್ಗಾ ಟೆಲಿಸ್ ಪ್ರಕರಣದ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ದುಡಿದು ಹೊಟ್ಟೆ ಹೊರೆಯುವ ಹಕ್ಕೂ ಸೇರಿದೆ ಎಂದ ಸುಪ್ರೀಂ ಕೋರ್ಟು, ನೋಟಿಸು ಕೊಟ್ಟು ಗುಡಿಸಲು ಕೀಳಲು ಅಡ್ಡಿಯಿಲ್ಲ ಎಂದೂ ಹೇಳಿತು. ಬೀದಿಬದಿಯಲ್ಲಿ ಬದುಕುವವರು ಸರ್ಕಾರದ ಕಡತಗಳಲ್ಲಿ ಇದ್ದೂ ಇಲ್ಲದಂತಿದ್ದರು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಸ್ಪಾರ್ಕ್ ಸಂಸ್ಥೆ ಅವರನ್ನೇ ಜತೆಗೆ ಸೇರಿಸಿಕೊಂಡು ಸುಮಾರು 6,000 ಕುಟುಂಬಗಳ ಗಣತಿ ಮಾಡಿತು.

ಅಲ್ಲಿನ ಹೆಂಗಸರು ಮುಂದೆ ಮಹಿಳಾ ಮಿಲನ್ ಎಂಬ ಸಂಘ ಕಟ್ಟಿಕೊಂಡು ಉಳಿತಾಯ ಶುರುಮಾಡಿದರು. ಓದು ಬರಹ ಬಾರದವರೇ ಹೆಚ್ಚು. ಹಾಗಾಗಿ ಒಬ್ಬೊಬ್ಬಳಿಗೂ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಬಣ್ಣದ ಕಾಗದದ ಚೂರುಗಳು; ಒಂದೊಂದು ಬಣ್ಣಕ್ಕೆ ಒಂದೊಂದು ಮೊತ್ತ. ಚೀಲ ಬಿಚ್ಚಿ ಎಣಿಸಿದರೆ ತನ್ನ ದುಡ್ಡೆಷ್ಟೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ನಗರದ ಸೇವಾಕ್ಷೇತ್ರ ಕಂಡ ಅತ್ಯುತ್ತಮ ಮಾಹಿತಿ ವ್ಯವಸ್ಥೆ ನನ್ನ ಪ್ರಕಾರ ಇದೇ.

ಆಮೇಲೆ ಬಂದದ್ದು ಫೋನು. ಊರು ಬಿಟ್ಟು ರೈಲು ಹತ್ತಿ ಬಂದು ಇಲ್ಲಿನ ಹೋಟೆಲು ಸೇರಿದ ಹುಡುಗರ ಕಥೆ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಅಂಥ ಮಕ್ಕಳಿಗಾಗಿ 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಅಧ್ಯಾಪಕಿ ಜೆರೂ ಬಿಲಿಮೋರಿಯಾ ಚೈಲ್ಡ್‌ಲೈನ್ ಎಂಬ ಸಹಾಯವಾಣಿ ಆರಂಭಿಸಿದರು. 1098ಕ್ಕೆ ಕರೆ ಮಾಡಲು ಕಾಸು ಬೇಡ. ಜೇಬು ಖಾಲಿಯಿರುವ ಮಗುವೂ ಆಗ ಬೂತಿನಿಂದ ನಂಬರು ಒತ್ತಬಹುದಿತ್ತು, ಆ ಕಡೆ ಒಬ್ಬರು ಮಾತಾಡುತ್ತಿದ್ದರು.

ಇಲ್ಲಿಯವರೆಗೆ ತಂತ್ರಜ್ಞಾನದ ಮುಖ ಕಷ್ಟದಲ್ಲಿರುವವರ ಕಡೆಗಿತ್ತು. ಅದು ದುಡ್ಡು ಕೊಡುವವರ ಕಡೆ ತಿರುಗಿದ್ದು ನಿಧಾನವಾಗಿ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಜಾರಿಯಾಯಿತು. ಹಣದ ಜತೆಗೆ ಕೆಲಸದ ಅಂಕಿಅಂಶ ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್, ಫೋಟೊ, ಲೊಕೇಶನ್, ಮೂರು ತಿಂಗಳಿಗೊಂದು ವರದಿಯೂ ಬಂದವು. ಮೂವರು ದಾನಿಗಳಿದ್ದರೆ ಮೂರು ನಮೂನೆ. ಅದೇ ಮಗುವಿನ ಹೆಸರನ್ನು ಮೂರು ಕಡೆ ತುಂಬಬೇಕು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಹಗಲೆಲ್ಲ ಬಸ್ತಿ ಸುತ್ತಿದ ಕಾರ್ಯಕರ್ತೆಯರು ಸಂಜೆ ಎಂಟ್ರಿ ಮುಗಿಸುತ್ತ ಕೂರುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಆ್ಯಪ್‌ನಿಂದ ಉಪಕಾರವಾಗಿಲ್ಲ ಎಂದಲ್ಲ. ಧಾರಾವಿಯಲ್ಲಿ ಸ್ನೇಹಾ ಸಂಸ್ಥೆ ಮಕ್ಕಳ ಪೌಷ್ಟಿಕತೆಯ ಕೆಲಸಕ್ಕೆ ಕಾಮ್‌ಕೇರ್ ಎಂಬ ಮೊಬೈಲ್ ವ್ಯವಸ್ಥೆ ಬಳಸಿತು. ಮಗುವಿನ ತೂಕ, ಎತ್ತರ ಮನೆಬಾಗಿಲಲ್ಲೇ ದಾಖಲಾದರೆ ಸೊರಗುತ್ತಿರುವ ಮಗು ರಿಜಿಸ್ಟರಿನ ಪುಟಗಳ ನಡುವೆ ಕಳೆದುಹೋಗುವುದಿಲ್ಲ, ಮತ್ತೆ ಯಾವ ಮನೆಗೆ ಹೋಗಬೇಕೆಂದು ಬೇಗ ತಿಳಿಯುತ್ತದೆ. ಆದರೆ ಆ ಪರದೆ ಇರುವುದು ಕಾರ್ಯಕರ್ತೆಯ ಕೈಯಲ್ಲಿ. ಕಲಬುರಗಿ ಕಡೆಯಿಂದ ಬಂದ ತಾಯಿ "ಅಕ್ಕಾ, ಇದ್ರಾಗ ಏನ್ ಬರ್ಕೊಂಡ್ರಿ? ನಮಗೂ ಓದಿ ಹೇಳ್ರಿ" ಎಂದರೆ ಓದಿ ಹೇಳುವವರು ಇರಬೇಕು, ಹೇಳಲು ಪುರುಸೊತ್ತೂ ಬೇಕು.

2023ರಲ್ಲಿ 1098ರ ಹೊಣೆ ಸಂಸ್ಥೆಗಳ ಕೈಯಿಂದ ಸರ್ಕಾರಕ್ಕೆ ಹೋಯಿತು, ಅದನ್ನು ತುರ್ತು ಕರೆಯ ಸಂಖ್ಯೆ 112ರ ಜತೆ ಜೋಡಿಸಲಾಯಿತು. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಅದರ ಪ್ರಕಾರ, ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವಾಗ ಯಾವ ಮಾಹಿತಿ, ಯಾತಕ್ಕೆ ಎಂದು ಮೊದಲೇ ತಿಳಿಸಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದಾದರೂ ಒಂದರಲ್ಲೋ ಓದುವ ಆಯ್ಕೆ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ಹೆಸರು, ಆಧಾರ್, ಫೋಟೊ ಕೇಳಲು ಮನೆಗೆ ಬಂದವರ ಬಳಿ ಕನ್ನಡದ ಒಪ್ಪಿಗೆ ಪತ್ರ ಇದೆಯೇ ಎಂದು ಧಾರಾವಿಯ ನಮ್ಮವರು ಈಗಿನಿಂದಲೇ ಕೇಳತೊಡಗಬೇಕು.