ಆಂಪೂಲಿನೊಳಗಿನ ದ್ರಾವಕಕ್ಕೂ ಡೋಸ್ ಇದೆ

ಬೆಂಗಳೂರಿನ ಮಕ್ಕಳ ಐಸಿಯುವಿನಲ್ಲಿ ಫಿಟ್ಸ್ ನಿಲ್ಲದ 10 ಕೆಜಿ ಮಗುವಿಗೆ ಲೊರಾಜೆಪಾಮ್ ಕೊಟ್ಟರೆ ಕೇಸ್‌ಶೀಟಿನಲ್ಲಿ ಬರೆಯುವುದು 1 ಮಿಗ್ರಾಂ. ಎಂಎಲ್‌ಗೆ 2 ಮಿಗ್ರಾಂ ಇರುವ ಆಂಪೂಲಿನಿಂದ ಅದಕ್ಕಾಗಿ ಎಳೆಯುವುದು ಅರ್ಧ ಎಂಎಲ್. ಸಾಮಾನ್ಯ ತಯಾರಿಕೆಯಾದರೆ ಅಷ್ಟರಲ್ಲೇ ಸುಮಾರು 415 ಮಿಗ್ರಾಂ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ನೀರಿನಲ್ಲಿ ಕರಗದ ಔಷಧವನ್ನು ಕರಗಿಸಿಡುವ ದ್ರಾವಕ ಅದು. ಅದರ ಲೆಕ್ಕ ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಔಷಧದ ಜೊತೆ ಸೇರಿಸಿದ್ದೂ ಕೊಲ್ಲಬಲ್ಲದು ಎಂದು ನವಜಾತ ಶಿಶು ಘಟಕಗಳಿಗೆ ಗೊತ್ತಾಗಿದ್ದು 1982ರಲ್ಲಿ. ಅಮೆರಿಕದಲ್ಲಿ ಹೊಕ್ಕುಳಿನ ಕ್ಯಾತಿಟರ್ ಫ್ಲಶ್ ಮಾಡುತ್ತಿದ್ದ ಸಲೈನ್‌ಗೆ ಸೂಕ್ಷ್ಮಜೀವಿ ಬೆಳೆಯದಿರಲೆಂದು 0.9% ಬೆಂಜೈಲ್ ಆಲ್ಕೋಹಾಲ್ ಬೆರೆಸಿರುತ್ತಿದ್ದರು. ಎಂಎಲ್‌ಗೆ 9 ಮಿಗ್ರಾಂ; 1 ಕೆಜಿಯ ಮಗುವಿಗೆ ದಿನಕ್ಕೆ 11 ಎಂಎಲ್ ಹೋದರೆ 99 ಮಿಗ್ರಾಂ. ಮೈಯಲ್ಲಿ ಅದು ಬೆಂಜೋಯಿಕ್ ಆಮ್ಲವಾಗುತ್ತದೆ. ಅದನ್ನು ಗ್ಲೈಸಿನ್‌ಗೆ ಜೋಡಿಸಿ ಹೊರಹಾಕುವಷ್ಟು ಲಿವರ್ ದಿನ ತುಂಬದ ಮಕ್ಕಳಲ್ಲಿ ಬಲಿತಿರುವುದಿಲ್ಲ. ರಕ್ತ ಆಮ್ಲೀಯವಾಗಿ, ಏದುಸಿರು ಬಿಡುತ್ತ ಮಕ್ಕಳು ತೀರಿಕೊಂಡರು. 16 ಸಾವುಗಳ ವರದಿಯ ಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಮರುವರ್ಷವೇ ಪ್ರೊಪಿಲೀನ್ ಗ್ಲೈಕಾಲ್ ಸರದಿ: ಡ್ರಿಪ್‌ನಲ್ಲಿ ಕೊಡುವ ವಿಟಮಿನ್ ಮೂಲಕ ದಿನಕ್ಕೆ 3 ಗ್ರಾಂ ಪಡೆದ ಪುಟ್ಟ ಶಿಶುಗಳ ರಕ್ತದ ಆಸ್ಮೊಲಾಲಿಟಿ, ಅಂದರೆ ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ, ವಿಪರೀತ ಏರಿತ್ತು.

2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಪ್ರೊಪಿಲೀನ್ ಗ್ಲೈಕಾಲ್‌ಗೆ ಮಿತಿ ಹಾಕಿತು: 28 ದಿನದವರೆಗೆ ಕೆಜಿಗೆ ದಿನಕ್ಕೆ 1 ಮಿಗ್ರಾಂ, ಅಲ್ಲಿಂದ 5 ವರ್ಷ ತುಂಬುವವರೆಗೆ 50, ಮುಂದೆ 500.

ಈಗ ಅದೇ ಮಗುವಿಗೆ ಗಂಟೆಗೆ 1 ಮಿಗ್ರಾಂ ಲೊರಾಜೆಪಾಮ್ ಇನ್ಫ್ಯೂಷನ್ ಹಾಕಿ ನೋಡಿ. ದಿನಕ್ಕೆ 12 ಎಂಎಲ್, ಅಂದರೆ ಹತ್ತಿರ ಹತ್ತಿರ 10 ಗ್ರಾಂ ದ್ರಾವಕ. ಕೆಜಿಗೆ 1,000 ಮಿಗ್ರಾಂ. ಮಿತಿಯ 20 ಪಟ್ಟು. ಫಿಟ್ಸ್ ನಿಲ್ಲಿಸುವ ಒಂದೆರಡು ಡೋಸನ್ನು ಇದಕ್ಕೆ ಹೆದರಿ ತಡೆಯಲೇಬಾರದು. ಅಪಾಯವಿರುವುದು ದಿನಗಟ್ಟಲೆ ಓಡುವ ಪಂಪಿನಲ್ಲಿ, ಅದರಲ್ಲೂ ಕಿಡ್ನಿ ಸೋತಿದ್ದರೆ.

ಲಿವರ್ ಈ ದ್ರಾವಕವನ್ನು ಲ್ಯಾಕ್ಟೇಟ್ ಆಗಿ ಒಡೆಯುತ್ತದೆ. ಲ್ಯಾಕ್ಟೇಟ್ ಏರಿದಾಗ ಎಲ್ಲರಿಗೂ ಮೊದಲು ಹೊಳೆಯುವುದು ಸೆಪ್ಸಿಸ್, ಅಂದರೆ ಮೈಯೆಲ್ಲ ಕಾಡುವ ತೀವ್ರ ಸೋಂಕು. ಆಂಟಿಬಯಾಟಿಕ್ ಬದಲಾಗುತ್ತದೆ, ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ಆಗ ಆಸ್ಮೊಲಾಲಿಟಿ ಅಳೆಸಬೇಕು. ಸೋಡಿಯಂ ಎರಡರಷ್ಟು, ಗ್ಲೂಕೋಸ್ ಭಾಗಿಸು 18, ಯೂರಿಯಾ ಭಾಗಿಸು 6, ಇವನ್ನು ಕೂಡಿ ಅಳತೆಯಿಂದ ಕಳೆಯಿರಿ. ಉಳಿದ ಅಂತರ 10 ದಾಟಿದರೆ ದ್ರಾವಕದ ಮೇಲೆ ಅನುಮಾನ ಬರಲಿ. ರಿಪೋರ್ಟಿನಲ್ಲಿರುವುದು ಯೂರಿಯಾವೋ, ಅದರೊಳಗಿನ ನೈಟ್ರೋಜನ್ ಮಾತ್ರ ಲೆಕ್ಕಹಾಕುವ ಬಿಯುಎನ್ನೋ ನೋಡಿಕೊಳ್ಳಿ. ಬಿಯುಎನ್ನಿಗೆ ಮಾತ್ರ 2.8. ಯೂರಿಯಾ 30 ಇದ್ದಾಗ 2.8ರಿಂದ ಭಾಗಿಸಿದರೆ 5 ಬರಬೇಕಾದಲ್ಲಿ 10.7 ಬರುತ್ತದೆ, ಇರುವ ಅಂತರ ಅಲ್ಲೇ ಮುಚ್ಚಿಹೋಗುತ್ತದೆ.

ಅಂತರ ಕಂಡರೆ ಪ್ರೊಪಿಲೀನ್ ಗ್ಲೈಕಾಲ್ ಇಲ್ಲದ ಮಿಡಾಜೊಲಾಮ್‌ಗೆ ಬದಲಾಯಿಸಬಹುದು. ಆದರೆ ಹಲವು ಸಲ ಬಳಸುವ ಕೆಲವು ಮಿಡಾಜೊಲಾಮ್ ವಯಲ್‌ಗಳಲ್ಲಿ ಬೆಂಜೈಲ್ ಆಲ್ಕೋಹಾಲ್ ಇರುತ್ತದೆ. ನವಜಾತ ಶಿಶುವಿಗಾದರೆ ಲೇಬಲ್ ಓದದೆ ಸಿರಿಂಜಿಗೆ ಎಳೆಯಬೇಡಿ.