ಓದುಗರ ಪ್ರಶ್ನೆ: ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಲದೇ?

ಪ್ರಶ್ನೆ: ಆರೋಗ್ಯಕ್ಕೆ ಸಂಬಂಧಿಸಿದ ಜೀವನ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಗಳು ಇಂಗ್ಲಿಷಿನಲ್ಲಿ ಸಿದ್ಧವಾಗಿಯೇ ಇವೆ. ಅವನ್ನು ಕನ್ನಡಕ್ಕೆ ಚೆನ್ನಾಗಿ ಅನುವಾದಿಸಿ ನಮ್ಮ ಜಿಲ್ಲೆಯಲ್ಲಿ ಬಳಸಿದರೆ ಸಾಲದೇ?
(ನರ್ಸಿಂಗ್ ವಿದ್ಯಾರ್ಥಿನಿ, ಕುಮಟಾ)

ಉತ್ತರ: ಸಾಲದು. ಇಂಥ ಪ್ರಶ್ನಾವಳಿಗಳು ಅಳೆಯುವುದು ಮೈ, ಮನಸ್ಸಿನ ಸ್ಥಿತಿ ದಿನದ ಬದುಕನ್ನು ಎಷ್ಟು ತಟ್ಟುತ್ತದೆ ಎಂಬುದನ್ನು. ಅಮೆರಿಕದಲ್ಲಿ ರೂಪುಗೊಂಡ, 36 ಪ್ರಶ್ನೆಗಳ ಎಸ್‌ಎಫ್-36 ಎಂಬ ಹೆಸರಾಂತ ಪ್ರಶ್ನಾವಳಿಯನ್ನೇ ನೋಡಿ. ಸಾಧಾರಣ ಶ್ರಮದ ಕೆಲಸಗಳಿಗೆ ಅದು ಕೊಡುವ ಉದಾಹರಣೆಗಳು ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಅಥವಾ ಗಾಲ್ಫ್ ಆಡುವುದು. ಇವನ್ನು ಕನ್ನಡದಲ್ಲಿ ಬರೆಯಲು ಏನೂ ತೊಡಕಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಚಿಪ್ಪು ಹೆಕ್ಕುವ ಹೆಂಗಸು ಅದಕ್ಕೆ ಏನೆಂದು ಉತ್ತರಿಸಬೇಕು ಎಂಬುದೇ ತೊಡಕು. ಮೂಲ ಪ್ರಶ್ನೆ ತಿಳಿಯಬಯಸುವುದು ಗಾಲ್ಫನ್ನಲ್ಲ, ಆ ಮಟ್ಟದ ಶ್ರಮವನ್ನು ದೇಹ ತಾಳುತ್ತದೆಯೇ ಎಂಬುದನ್ನು. ಆದ್ದರಿಂದ ಶಿರಸಿ, ಸಿದ್ದಾಪುರದ ಕಡೆ ತೋಟದಿಂದ ಮನೆಗೆ ದಿಬ್ಬ ಏರುವಾಗ ನಡುವೆ ನಿಲ್ಲಬೇಕಾಗುತ್ತದೆಯೇ ಎಂದು ಕೇಳಿದರೆ ಉಸಿರಿನ ಶಕ್ತಿ ತಿಳಿಯುತ್ತದೆ. ಹಳ್ಳದ ಮೇಲಿನ ಕಾಲುಸಂಕ ದಾಟಲು ಯಾರಾದರೂ ಕೈ ಹಿಡಿಯಬೇಕೇ ಎಂದು ಕೇಳಿದರೆ ಸಮತೋಲ, ನೆಲದಲ್ಲಿ ಕೂತು ಹೆಚ್ಚುವ ಮೆಟ್ಟುಗತ್ತಿಯ ಮುಂದೆ ಕುಳಿತವರು ಏನನ್ನೂ ಹಿಡಿಯದೆ ಏಳಬಲ್ಲರೇ ಎಂದು ಕೇಳಿದರೆ ಮಂಡಿಯ ಸ್ಥಿತಿ ತಿಳಿಯುತ್ತದೆ.

ಮನಸ್ಸಿನ ಸ್ಥಿತಿಯನ್ನು ಕೇಳುವಾಗ ಕಷ್ಟ ಇನ್ನೂ ಹೆಚ್ಚು. 'ನಿಮಗೆ ಆತಂಕವಾಗುತ್ತದೆಯೇ?' ಎಂಬುದು ಪುಸ್ತಕದ ಮಾತು. ಇಲ್ಲಿನ ಮನೆಗಳಲ್ಲಿ ಓಡಾಡುವ ಮಾತು 'ತಲೆಬಿಸಿ'. ಆದರೆ ಮಗನ ಕೆಲಸ, ಅಡಿಕೆಯ ದರ, ಬಾರದ ಬಸ್ಸು ಎಲ್ಲಕ್ಕೂ ತಲೆಬಿಸಿಯೇ ಆಗುವುದರಿಂದ, ಕಾಯಿಲೆ ತಂದ ತಲೆಬಿಸಿಯನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ. 'ಆರಾಮ' ಎಂಬುದಂತೂ ಒಮ್ಮೆ ವಿಶ್ರಾಂತಿ, ಒಮ್ಮೆ ಆರೋಗ್ಯ. 'ಆರಾಮಿಲ್ಲ' ಎಂದವರಿಗೆ ಬಿಡುವಿಲ್ಲವೆಂದಲ್ಲ, ಮೈ ಸರಿಯಿಲ್ಲವೆಂದು ಅರ್ಥ.

ನನ್ನ ದೃಷ್ಟಿಯಲ್ಲಿ ಜನ ಅತಿ ಕಡಿಮೆ ಗಮನ ಕೊಡುವುದು ಉತ್ತರದ ಪದಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ, ದೆಹಲಿ ಮತ್ತು ಮದ್ರಾಸ್ ಸೇರಿದಂತೆ 15 ಕೇಂದ್ರಗಳಲ್ಲಿ ಏಕಕಾಲಕ್ಕೆ ತನ್ನ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ರೂಪಿಸಿದಾಗ, 'ಸ್ವಲ್ಪ', 'ಸಾಧಾರಣ', 'ಬಹಳ' ಎಂಬಂಥ ಪದಗಳನ್ನು ನಿಘಂಟು ನೋಡಿ ಅನುವಾದಿಸಿ ಮುಗಿಸಲಿಲ್ಲ. 10 ಸೆಂಟಿಮೀಟರಿನ ಗೆರೆಯೊಂದರ ಒಂದು ತುದಿಗೆ 'ಏನೂ ಇಲ್ಲ', ಇನ್ನೊಂದು ತುದಿಗೆ 'ಪೂರ್ತಿ' ಎಂದು ಬರೆದು, ನಡುವಿನ ಒಂದೊಂದು ಪದವೂ ಎಲ್ಲಿ ಬೀಳುತ್ತದೆಂದು ಆಯಾ ಭಾಷೆಯವರಿಂದಲೇ ಗುರುತು ಹಾಕಿಸಿ, ಕಾಲು, ಅರ್ಧ, ಮುಕ್ಕಾಲು ಭಾಗದ ಹತ್ತಿರ ಬಿದ್ದ ಪದಗಳನ್ನು ಆರಿಸಿಕೊಂಡಿತು. ನಮ್ಮಲ್ಲಿ ಈ ಗೆರೆಯ ಮೇಲೆ 'ಅಡ್ಡಿಲ್ಲ' ಎಲ್ಲಿ ಬೀಳುತ್ತದೆ? ಒಬ್ಬರಿಗೆ ಅದು ಚೆನ್ನಾಗಿದೆ ಎಂಬುದರ ಗುರುತು, ಇನ್ನೊಬ್ಬರಿಗೆ ಹೇಗೋ ನಡೆಯುತ್ತಿದೆ ಎಂಬುದರದು. 'ಸುಮಾರು' ಇನ್ನೂ ಮೋಸದ ಪದ: 'ನೋವು ಸುಮಾರಿದೆ' ಎಂದರೆ ನೋವು ಹೆಚ್ಚೇ ಇದೆ, 'ಆರೋಗ್ಯ ಸುಮಾರು' ಎಂದರೆ ಅಷ್ಟೇನೂ ಚೆನ್ನಾಗಿಲ್ಲ. ಒಂದೇ ಪದವನ್ನು ಎರಡು ಪ್ರಶ್ನೆಗಳ ಕೆಳಗೆ ಮುದ್ರಿಸಿ ಎರಡಕ್ಕೂ 3 ಅಂಕ ಕೊಟ್ಟರೆ, ಆ ಅಂಕ ಯಾವುದನ್ನೂ ಅಳೆದಿರುವುದಿಲ್ಲ.

ಅವಧಿಯ ವಿಷಯವೂ ಹಾಗೆಯೇ. 'ಕಳೆದ ಎರಡು ವಾರಗಳಲ್ಲಿ' ಎಂಬುದನ್ನು ಹುಣ್ಣಿಮೆ, ಅಮಾವಾಸ್ಯೆಯ ಗುರುತು ಕೊಟ್ಟು ಕೇಳಿದರೆ ನೆನಪು ಗಟ್ಟಿಯಾಗಿ ಬರುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಕಾರವಾರದ ಮೀನುಗಾರನನ್ನು 'ದಿನದ ಕೆಲಸಕ್ಕೆ ಅಡಚಣೆಯಾಯಿತೇ?' ಎಂದು ಕೇಳಿದರೆ ಅವನು 'ಹೌದು' ಎನ್ನುತ್ತಾನೆ, ಅವನ ಎದೆಯಲ್ಲಾಗಲಿ ಕಾಲಿನಲ್ಲಾಗಲಿ ಯಾವ ದೋಷವೂ ಇಲ್ಲದಿದ್ದರೂ.

ಕೆಲಸದ ಕ್ರಮ ಹೀಗಿದೆ: ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಹೋಲಿಸಿ ಒಂದು ಕರಡು ಮಾಡಲಾಗುತ್ತದೆ, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿ ತರುತ್ತಾರೆ. ಇಷ್ಟಕ್ಕೇ ಅನೇಕರು ನಿಲ್ಲಿಸುತ್ತಾರೆ, ಅದು ತಪ್ಪು. ಏಕೆಂದರೆ 'ಆತಂಕ' ಇಂಗ್ಲಿಷಿಗೆ ಸಲೀಸಾಗಿ ಮರಳುತ್ತದೆ, ಜಗಲಿಯಲ್ಲಿ ಕೂತ ಅಜ್ಜಿಗೆ ಮಾತ್ರ ಮುಟ್ಟಿರುವುದಿಲ್ಲ. ಕರಡನ್ನು ಅಜ್ಜಿಗೆ ಓದಿ ಹೇಳಿ, 'ನಾನು ಏನು ಕೇಳಿದೆ ಎಂದು ನಿಮ್ಮ ಮಾತಿನಲ್ಲಿ ಹೇಳಿ' ಎಂದು ಕೇಳಬೇಕು. ಉತ್ತರಕ್ಕಿಂತ, ಉತ್ತರಿಸುವ ಮೊದಲು ಅವರು ತಡೆದ ಜಾಗವನ್ನು ಬರೆದುಕೊಳ್ಳಬೇಕು. ಆ ಮೇಲಷ್ಟೇ ಹೆಚ್ಚು ಜನರಲ್ಲಿ ಪರೀಕ್ಷೆ: ಕೆಲವು ದಿನ ಬಿಟ್ಟು ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದೆಯೇ, ಕಾಯಿಲೆಯವರ ಮತ್ತು ಆರೋಗ್ಯವಂತರ ಅಂಕಗಳಲ್ಲಿ ವ್ಯತ್ಯಾಸ ಕಾಣುತ್ತದೆಯೇ ಎಂದು ನೋಡುವುದು.

ಹಾಗೆಂದು ಎಲ್ಲವನ್ನೂ ಬದಲಿಸುವಂತಿಲ್ಲ. ಬದಲಿಸಿದಷ್ಟೂ ಬೇರೆ ಊರಿನ ಅಂಕಗಳೊಂದಿಗೆ ಹೋಲಿಕೆ ಕೈಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಕಿರು ಪ್ರಶ್ನಾವಳಿಯ ಕನ್ನಡ ರೂಪ ಈಗಾಗಲೇ ಇದೆ. ನಿಮ್ಮಂಥ ವಿದ್ಯಾರ್ಥಿಗಳು ಅನುಮತಿ ಪಡೆದು ಅದನ್ನು ಇದ್ದಂತೆ ಉಳಿಸಿಕೊಂಡು, ದಿಬ್ಬ, ಕಾಲುಸಂಕ, ಮೆಟ್ಟುಗತ್ತಿಯಂಥ ಪ್ರಶ್ನೆಗಳನ್ನು ಕೊನೆಯಲ್ಲಿ ಪ್ರತ್ಯೇಕ ಭಾಗವಾಗಿ ಸೇರಿಸುವುದು ನನಗೆ ಸರಿ ಎನಿಸುತ್ತದೆ. ಆ ಕಿರು ಪ್ರಶ್ನಾವಳಿಯಲ್ಲಿ ಲೈಂಗಿಕ ಜೀವನದ ತೃಪ್ತಿಯನ್ನು ಕೇಳುವ ಪ್ರಶ್ನೆಯೊಂದಿದೆ. ಸೊಸೆಯ ಎದುರು ಅತ್ತೆಯನ್ನು ಅದನ್ನು ಕೇಳಬೇಡಿ, ಹೆಂಗಸರನ್ನು ಹೆಂಗಸರೇ ಒಳಗಿನ ಕೋಣೆಯಲ್ಲಿ ಕೇಳಲಿ, ಉತ್ತರ ಬಾರದಿದ್ದರೆ ಬಿಟ್ಟ ಜಾಗವೆಂದೇ ದಾಖಲಿಸಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಮನೆಮಾತಾಗಿರುವವರ ಬಳಿ ಹೋಗುವುದಾದರೆ, ಕನ್ನಡ ಹಾಳೆಯನ್ನು ಸ್ಥಳದಲ್ಲೇ ಬಾಯಲ್ಲಿ ಅನುವಾದಿಸುತ್ತ ಕೇಳಬೇಡಿ. ಆ ಭಾಷೆಯ ಕರಡಿಗೂ ಇದೇ ದಾರಿ, ಮೊದಲಿನಿಂದ.