ಕಪ್ಪು ಪರದೆ, ಅವಸರದ ಕಿವಿ

ಒಮ್ಮೆ ಸ್ನೇಹಿತನೊಬ್ಬನನ್ನು ಕೂರಿಸಿಕೊಂಡು ಫ್ರಿಟ್ಜ್ ಲ್ಯಾಂಗ್‌ನ ‘ಎಂ’ ಸಿನಿಮಾ ಹಾಕಿದೆ. 1931ರ ಜರ್ಮನ್ ಚಿತ್ರ, ಲ್ಯಾಂಗ್‌ನ ಮೊದಲ ಟಾಕಿ. ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು. ಜಾಗಟೆ ಬಡಿದಂಥ ಒಂದು ಸದ್ದು. ಆಮೇಲೆ ಒಂದು ಮಗುವಿನ ದನಿ, ಆಟದಲ್ಲಿ ಎಣಿಸುವ ಹಾಡು. “ಚಿತ್ರ ಬರ್ತಿಲ್ಲ ಕಣೋ, ಕೇಬಲ್ ಲೂಸ್ ಇರಬೇಕು” ಎಂದು ಅವನು ಎದ್ದೇ ಬಿಟ್ಟ. ಟಿವಿ ಹಿಂದೆ ಕೈ ಹಾಕುವಷ್ಟರಲ್ಲಿ ಅಂಗಳದಲ್ಲಿ ಸುತ್ತಲೂ ನಿಂತ ಮಕ್ಕಳು ಕಾಣಿಸಿಕೊಂಡರು.

ಅವನನ್ನು ಬೈಯುವ ಹಾಗಿಲ್ಲ. ಪರದೆ ಕಪ್ಪಾದರೆ ಕಣ್ಣಿಗೆ ರಜೆ ಎಂದೇ ಎಲ್ಲರೂ ಅಂದುಕೊಂಡಿರುತ್ತೇವೆ. ನಿಜ ಅದರ ಉಲ್ಟಾ. ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಕೋಶಗಳು ಜಾಸ್ತಿ ದುಡಿಯುವುದು ಕತ್ತಲಲ್ಲಿ. ಕತ್ತಲಿದ್ದಷ್ಟು ಹೊತ್ತೂ ಅವು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಮುಂದಿನ ಕೋಶಕ್ಕೆ ಸುರಿಯುತ್ತಲೇ ಇರುತ್ತವೆ. ಬೆಳಕು ಬಿದ್ದಾಗ ಆ ಹರಿವು ತಗ್ಗುತ್ತದೆ. ಅಂದರೆ ನಲ್ಲಿ ಸದಾ ಬಿಟ್ಟೇ ಇದೆ, ಬೆಳಕು ಬಂದು ತಿರುಪಿ ನಿಲ್ಲಿಸುತ್ತದೆ. ಇನ್ನೊಂದು ರೀತಿ ಹೇಳುತ್ತೇನೆ. ಕಾವಲುಗಾರನೊಬ್ಬ ರಾತ್ರಿಯಿಡೀ “ಹುಷಾರ್, ಹುಷಾರ್” ಎಂದು ಕೂಗುತ್ತಿದ್ದಾನೆ. ಯಾರಾದರೂ ಬಂದಾಗ ಮಾತ್ರ ಬಾಯಿ ಮುಚ್ಚುತ್ತಾನೆ. ಅವನು ಸುಮ್ಮನಾದದ್ದೇ ಸುದ್ದಿ! ಕಪ್ಪು ಪರದೆಯಿಂದ ಸಿನಿಮಾ ಶುರು ಮಾಡುವ ನಿರ್ದೇಶಕ ಈ ಕೂಗಾಟದ ನಡುವೆಯೇ ನಮ್ಮ ಕಿವಿಗೆ ಕೈ ಹಾಕುತ್ತಾನೆ.

ಕಿವಿಯ ಕಥೆ ಬೇರೆ. ಕಣ್ಣಿನಲ್ಲಿ ಬೆಳಕಿನ ಒಂದು ಕಣ ಬಿದ್ದರೆ ಒಂದು ಅಣು ಆಕಾರ ಬದಲಿಸಬೇಕು, ಅದು ಇನ್ನೊಂದನ್ನು ಎಬ್ಬಿಸಬೇಕು, ಅದು ಮತ್ತೊಂದನ್ನು ಒಡೆಸಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗಿ ಸಹಿ ಬೀಳುವ ಹೊತ್ತಿಗೆ ಹತ್ತಾರು ಮಿಲಿಸೆಕೆಂಡ್ ಕಳೆದಿರುತ್ತದೆ. ಒಳಕಿವಿಯಲ್ಲಿ ಕಡತವೂ ಇಲ್ಲ, ಮೇಜೂ ಇಲ್ಲ. ಅಲ್ಲಿನ ಕೂದಲು ಕೋಶಗಳ ತುದಿಯಲ್ಲಿ ಸಾಲಾಗಿ ನಿಂತ ಕಡ್ಡಿಗಳಿವೆ. ಒಂದರ ತುದಿಗೂ ಪಕ್ಕದ್ದಕ್ಕೂ ನಡುವೆ ತೀರಾ ಸಣ್ಣ ಎಳೆ. ಸದ್ದಿಗೆ ಕಡ್ಡಿ ವಾಲಿತೋ, ಎಳೆ ಜಗ್ಗಿತು, ಬಾಗಿಲು ತೆರೆಯಿತು. ಅಗುಳಿಗೆ ದಾರ ಕಟ್ಟಿ ಎಳೆದಂತೆ. ರಾಸಾಯನಿಕಗಳ ಸರಪಳಿಗೆ ಕಾಯುವ ಮಾತೇ ಇಲ್ಲ. ಮೈಕ್ರೋಸೆಕೆಂಡುಗಳ ಕೆಲಸ.

ಅದಕ್ಕೇ ಸದ್ದಿಗೆ ನಾವು ಬೆಳಕಿಗಿಂತ ಸುಮಾರು 40 ಮಿಲಿಸೆಕೆಂಡ್ ಬೇಗ ಪ್ರತಿಕ್ರಿಯಿಸುತ್ತೇವೆ. ಓಟದ ಸ್ಪರ್ಧೆ ಶುರುವಾಗುವುದು ಪಿಸ್ತೂಲಿನ ಸದ್ದಿಗೆ ತಾನೇ? ಆ ಸದ್ದಾದ 0.1 ಸೆಕೆಂಡಿನೊಳಗೆ ಯಾರಾದರೂ ಚಿಮ್ಮಿದರೆ ಅದನ್ನು ಫಾಲ್ಸ್ ಸ್ಟಾರ್ಟ್ ಎನ್ನುತ್ತಾರೆ. ಅಷ್ಟು ಬೇಗ ಕೇಳಿ ಓಡಲಾಗದು ಎಂಬ ಲೆಕ್ಕ.

ಆದರೆ ಇಲ್ಲೊಂದು ತಮಾಷೆ ಇದೆ. ಕಿವಿ ಚುರುಕು, ಸದ್ದು ಮಾತ್ರ ಸೋಮಾರಿ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಅಷ್ಟೇ. ಆ 40 ಮಿಲಿಸೆಕೆಂಡಿನಲ್ಲಿ ಅದು ಸಾಗುವುದು ಸುಮಾರು 14 ಮೀಟರ್. ಹಾಗಾಗಿ ಪರದೆಯಿಂದ ಅಷ್ಟು ದೂರದಲ್ಲಿ ಕೂತರೆ ಕಿವಿಯ ಚುರುಕೂ ಸದ್ದಿನ ಸೋಮಾರಿತನವೂ ಸರಿಸಮ. ಪರದೆಯಿಂದ 34 ಮೀಟರ್ ಹಿಂದೆ ಕೂತವನಿಗೆ ಸದ್ದು ಹತ್ತನೇ ಒಂದು ಸೆಕೆಂಡ್ ತಡ, ಅಂದರೆ ಎರಡು ಫ್ರೇಮಿಗೂ ಜಾಸ್ತಿ (ಫ್ರೇಮ್ ಎಂದರೆ ರೀಲಿನ ಒಂದು ಬಿಡಿ ಚಿತ್ರ, ಸೆಕೆಂಡಿಗೆ 24 ಓಡುತ್ತವೆ). ಅವನು ಗೊಣಗುವುದಿಲ್ಲ. ಪ್ರಸಾರ ಎಂಜಿನಿಯರುಗಳು ಒಪ್ಪಿಕೊಂಡ ಅಳತೆಯ ಪ್ರಕಾರ ಸದ್ದು 125 ಮಿಲಿಸೆಕೆಂಡಿನಷ್ಟು ತಡವಾಗುವವರೆಗೂ ನಮಗೆ ಗೊತ್ತಾಗುವುದಿಲ್ಲ. ಚಿತ್ರಕ್ಕಿಂತ ಮುಂದೆ ಬಂದರೆ ಮಾತ್ರ 45ಕ್ಕೇ ಸಿಕ್ಕಿಬೀಳುತ್ತದೆ. ಮಿಂಚಿಗಿಂತ ಮೊದಲು ಗುಡುಗನ್ನು ಕೇಳಿದವರು ಯಾರಿದ್ದಾರೆ?

ಇಷ್ಟಕ್ಕೇ ಮುಗಿಯಲಿಲ್ಲ. ಸದ್ದು ಕಣ್ಣಿಗೆ ಸುಳ್ಳು ಹೇಳಿಕೊಡುತ್ತದೆ. 2000ರಲ್ಲಿ ವಿಜ್ಞಾನಿ ಲದನ್ ಶಮ್ಸ್ ಮತ್ತು ಜೊತೆಗಾರರು ಕಪ್ಪು ಪರದೆ ಮೇಲೆ ಬಿಳಿ ಚುಕ್ಕೆಯನ್ನು ಒಂದೇ ಸಲ ಮಿನುಗಿಸಿ, ಜೊತೆಗೆ ಎರಡು ಬೀಪ್ ಕೇಳಿಸಿದರು. ಚುಕ್ಕೆ ಎರಡು ಸಲ ಮಿನುಗಿತು ಎಂದರು ನೋಡಿದವರು. ಅದಕ್ಕೂ ಮುಂಚೆ, 1997ರ ಇನ್ನೊಂದು ಪ್ರಯೋಗದಲ್ಲಿ ಎರಡು ಬಿಲ್ಲೆಗಳು ಎದುರುಬದುರಾಗಿ ಬಂದು ಒಂದನ್ನೊಂದು ದಾಟಿ ಹೋಗುತ್ತಿದ್ದವು. ಸೇರುವ ಕ್ಷಣಕ್ಕೆ ಸರಿಯಾಗಿ ‘ಟಕ್’ ಎನಿಸಿದರೆ ಸಾಕು, ಡಿಕ್ಕಿ ಹೊಡೆದು ವಾಪಸಾದ ಹಾಗೆ ಕಾಣುತ್ತಿತ್ತು. ಬಿಲ್ಲೆ ಅದೇ, ದಾರಿ ಅದೇ.

ಬಣ್ಣ ತೆಗೆದು ಶುರು ಮಾಡುವ ಸಿನಿಮಾಗಳಲ್ಲಿ ಸದ್ದಿಗೆ ಅಷ್ಟೊಂದು ಅಧಿಕಾರ ಸಿಗುವುದು ಇದರಿಂದಲೇ ಎಂಬುದು ನನ್ನ ಲೆಕ್ಕ. ಕೆಂಪು ಸೀರೆ, ಹಳದಿ ಕಾರು ಎಂದು ಕಣ್ಣು ಅಲೆಯುವಂತಿಲ್ಲ. ಉಳಿದದ್ದು ಬೆಳಕು, ನೆರಳು, ಚಲನೆ. 1980ರ ಕಪ್ಪು-ಬಿಳುಪು ಚಿತ್ರ ‘ರೇಜಿಂಗ್ ಬುಲ್’ನ ಶುರು ನೋಡಿ. ಮಂಜಿನಂಥ ಹೊಗೆ, ರಿಂಗಿನಲ್ಲಿ ಒಂಟಿ ಬಾಕ್ಸರ್, ಸ್ಲೋ ಮೋಷನ್. ಹಿಂದೆ ಇಟಲಿಯ ಸಂಗೀತಗಾರ ಮಸ್ಕಾನಿಯ ಒಪೆರಾ ಸಂಗೀತ. ಸದ್ದು ನಿಲ್ಲಿಸಿ ನೋಡಿದರೆ ಒಬ್ಬ ಮನುಷ್ಯ ಸುಮ್ನೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾನೆ, ಅಷ್ಟೇ. ಸಂಗೀತ ಹಾಕಿ, ಅದೇ ಮೈ ನೃತ್ಯದ ಮೈ ಆಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಮೇಲೆ ನನಗೆ ಸಿಟ್ಟಿದೆ. ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಕೋಶಗಳಲ್ಲಿ ರಾಡ್, ಕೋನ್ ಎಂದು ಎರಡು ಬಗೆ. ಕಪ್ಪು-ಬಿಳುಪು ಚಿತ್ರವನ್ನು ರಾಡ್ ಕೋಶಗಳು ನೋಡುತ್ತವೆ, ಬಣ್ಣದ್ದನ್ನು ಕೋನ್ ಕೋಶಗಳು ನೋಡುತ್ತವೆ ಎನ್ನುತ್ತಾರೆ. ಹಾಗೇನಿಲ್ಲ! ರಾಡ್‌ಗಳು ಇರುವುದು ಮಬ್ಬು ಬೆಳಕಿಗೆ. ಪರದೆಯ ಬಿಳಿ, ಬೂದು ಎಲ್ಲ ಕೋನ್‌ಗಳಿಗೆ ಸಾಕಾಗುವಷ್ಟು ಬೆಳಗುತ್ತವೆ. ಮೂರೂ ಬಗೆಯ ಕೋನ್‌ಗಳು ಸಮತೂಕದಲ್ಲಿ ತಲೆ ಆಡಿಸಿದರೆ ಬಣ್ಣವಿಲ್ಲ ಎಂದೇ ಲೆಕ್ಕ. ಕನಸು ಹುಟ್ಟಾ ಕಪ್ಪು-ಬಿಳುಪು ಎಂಬುದೂ ಇಂಥದ್ದೇ ಮಾತು. 1942ರಲ್ಲಿ ಅಮೆರಿಕದ ಕಾಲೇಜು ಹುಡುಗರನ್ನು ಕೇಳಿದಾಗ ಸುಮಾರು 70 ಶೇಕಡಾ ಮಂದಿ ಕನಸಲ್ಲಿ ಬಣ್ಣ ಕಾಣುವುದೇ ಇಲ್ಲ ಅಥವಾ ಅಪರೂಪ ಎಂದಿದ್ದರು. ಎರಿಕ್ ಶ್ವಿಟ್ಸ್‌ಗೇಬೆಲ್ ಎಂಬ ತತ್ವಶಾಸ್ತ್ರಜ್ಞ ಅದೇ ಪ್ರಶ್ನೆಯನ್ನು ಈ ಶತಮಾನದ ಹುಡುಗರಿಗೆ ಕೇಳಿದಾಗ ಹಾಗೆಂದವರು 20 ಶೇಕಡಾಕ್ಕೂ ಕಡಿಮೆ. ಮಿದುಳು ಅದೇ, ನೋಡುವ ಸಿನಿಮಾ ಬೇರೆ!

ಹಳೆಯ ಚಿತ್ರಗಳ ಕಪ್ಪೂ ಪ್ರಾಮಾಣಿಕವಲ್ಲ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗಾಗಿ ಮೂಡುತ್ತಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದದ್ದು 1920ರ ದಶಕದಲ್ಲಿ.

ಕೊನೆಗೆ ರೀಲಿನ ಒಂದು ಸಂಗತಿ. 35 ಎಂಎಂ ಪ್ರಿಂಟಿನಲ್ಲಿ ಒಂದು ಫ್ರೇಮಿನ ಸದ್ದು ಆ ಫ್ರೇಮಿನ ಪಕ್ಕದಲ್ಲಿ ಇರುವುದಿಲ್ಲ, ಸುಮಾರು 20 ಫ್ರೇಮ್ ಮುಂದೆ ಇರುತ್ತದೆ. ಪ್ರೊಜೆಕ್ಟರಿನಲ್ಲಿ ಚಿತ್ರದ ಕಿಂಡಿ ಮೇಲೆ, ಸದ್ದು ಓದುವ ಭಾಗ ಅದರ ಕೆಳಗೆ. ಅದಕ್ಕೇ ಹರಿದು ಅಂಟಿಸಿದ ಹಳೆ ಪ್ರಿಂಟ್ ಓಡುವಾಗ ಮೊದಲು ಚಿತ್ರ ಜಿಗಿಯುತ್ತದೆ. ಮುಕ್ಕಾಲು ಸೆಕೆಂಡ್ ಮೇಲೆ ಸದ್ದು ಎಡವುತ್ತದೆ.